ತಳದ ಓಟುಗಳು

ಹೋದ ಸಲದ ಚುನಾವಣೆಯಲ್ಲಿ ನನ್ನ ಪಾಲಿಗೆ ಬಂದದ್ದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ನಾನು ಚಳ್ಳಕೆರೆಯ ಶಾಲೆಯೊಂದರಲ್ಲಿ ಕನ್ನಡ ಟೀಚರು. ಡ್ಯೂಟಿ ಬಿದ್ದದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರ ದಾಟಿ ಹೋಗಬೇಕಾದ ಒಂದು ಹಳ್ಳಿಗೆ. ಆದೇಶ ಕೈಗೆ ಬಂದಾಗ ಎಲ್ಲರಂತೆ ನಾನೂ ಗೊಣಗಿದೆ. ಎಲೆಕ್ಷನ್ ಡ್ಯೂಟಿಗೆ ಗೊಣಗದ ಟೀಚರು ಇನ್ನೂ ಹುಟ್ಟಿಲ್ಲ.

ಮತದಾನದ ದಿನ ಬೆಳಿಗ್ಗೆ ಅಣಕು ಮತದಾನ ಮುಗಿಸಿ, ನಮ್ಮ ಬೂತಿನ ಅಧಿಕಾರಿ ಮೇಣದಬತ್ತಿ ಹಚ್ಚಿಕೊಂಡು ಅರಗು ಕರಗಿಸಿ, ಯಂತ್ರಕ್ಕೆ ಕಟ್ಟಿದ ದಾರದ ಮೇಲೆ ಸೀಲು ಒತ್ತಿದರು. ಅದೇ ಹೊತ್ತಿಗೆ ಪಕ್ಕದ ಬಿಸಿಯೂಟದ ಕೋಣೆಯಲ್ಲಿ ಅಡುಗೆಯಾಕೆ ನಮ್ಮ ಉಪ್ಪಿಟ್ಟಿನ ಒಗ್ಗರಣೆಗೆ ಶೇಂಗಾ ಎಣ್ಣೆ ಕಾಯಿಸಿದಳು. ಅರಗಿನ ವಾಸನೆ, ಶೇಂಗಾ ಎಣ್ಣೆಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದು ನನ್ನ ಬದುಕಿನಲ್ಲಿ ಅದು ಎರಡನೆಯ ಸಲ. ಶಾಯಿ ಬಾಟಲಿಯ ಮುಚ್ಚಳ ತೆಗೆಯುತ್ತಾ ಮೊದಲ ಸಲದ್ದು ನೆನಪಾಯಿತು.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಅಪ್ಪನಿಗೆ ಪದೇ ಪದೇ ಊರು ಬದಲಾಗುತ್ತಿದ್ದುದರಿಂದ ನನ್ನನ್ನು ಮೊಳಕಾಲ್ಮೂರಿನ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಅತ್ತೆಯ ಬೀದಿಯಲ್ಲಿ ಬೆಳಗಾದರೆ ರೇಷ್ಮೆ ಮಗ್ಗದ ಸದ್ದು, ಮಧ್ಯಾಹ್ನವಾದರೆ ಗುಡ್ಡದ ಕಡೆಯಿಂದ ಗಾಳಿ. ಆ ಊರಿನ ಗಾಳಿಗೆ ಎರಡು ಜಡೆ ಹಾಕಿದವರೂ ಕಾಲೇಜು ತಲುಪುವ ಹೊತ್ತಿಗೆ ಕೆದರಿದ ತಲೆಯವರಾಗುತ್ತಿದ್ದರು. ನಮ್ಮದು ಒಂದು ಟ್ರಸ್ಟಿನವರು ನಡೆಸುತ್ತಿದ್ದ ಪುಟ್ಟ ಕಾಲೇಜು. ಮುಂಚೆ ಗೋದಾಮಾಗಿದ್ದ ಕಟ್ಟಡದಲ್ಲಿತ್ತು. ಈಗ ಅದೂ ಮುಚ್ಚಿಹೋಗಿದೆ. ಅಲ್ಲಿ ನನಗೆ ಸಿಕ್ಕ ಗೆಳತಿ ಚಿತ್ತಮ್ಮ. ನಾವೆಲ್ಲ ಚಿತ್ತಿ ಅನ್ನುತ್ತಿದ್ದೆವು.

ಚಿತ್ತಿಯ ಮನೆ ದೇವಸಮುದ್ರದ ಆಚೆಗಿನ ಒಂದು ಹಟ್ಟಿಯಲ್ಲಿ. ಕುರಿ ಸಾಕುವ ಮನೆತನ. ಅವರಪ್ಪ ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ಮಳೆಗಾಲದ ಹೊತ್ತಿಗೇ ವಾಪಸು ಬರುವುದು. ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳೇ. ಓದಿನಲ್ಲಿ ಸಾಧಾರಣ, ಮಾತಿನಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ. ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಬೈದು ಮತ್ತೆ ಕನ್ನಡದಲ್ಲಿ ಸಮಾಧಾನ ಮಾಡುವ ಹುಡುಗಿ.

ಅವಳ ಕಷ್ಟವೆಲ್ಲ ಒಂದು ಬಸ್ಸಿನದು. ದೇವಸಮುದ್ರದ ಕಡೆಗೆ ಹೋಗುವ ಖಾಸಗಿ ಬಸ್ಸು ಮಧ್ಯಾಹ್ನ ಮೂರಕ್ಕೆ ಹೊರಟುಬಿಡುತ್ತಿತ್ತು. ಅದು ಬಿಟ್ಟರೆ ಕತ್ತಲಾದ ಮೇಲೆ ಇನ್ನೊಂದು. ನಮ್ಮ ತರಗತಿ ಮುಗಿಯುತ್ತಿದ್ದುದು ನಾಲ್ಕೂವರೆಗೆ. ಕೊನೆಯ ಎರಡು ಪೀರಿಯಡ್ಡು ಇಂಗ್ಲಿಷು, ಅರ್ಥಶಾಸ್ತ್ರ. ಆ ಮೇಷ್ಟ್ರುಗಳು ಬೆಳಿಗ್ಗೆ ಬೇರೆ ಕಾಲೇಜು ಮುಗಿಸಿ ಚಳ್ಳಕೆರೆಯಿಂದ ಬರುತ್ತಿದ್ದುದರಿಂದ ಆ ಪಾಠಗಳನ್ನು ಬೆಳಗಿನ ಹೊತ್ತಿಗೆ ತರುವಂತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಜಾಗ ಇರಲಿಲ್ಲ. ಹಾಗಾಗಿ ಆ ದಾರಿಯ ಹಳ್ಳಿಗಳ ಹುಡುಗಿಯರೆಲ್ಲ ದಿನಾ ಎರಡು ಪಾಠ ಬಿಟ್ಟು, ಪುಸ್ತಕ ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ಕಡೆಗೆ ಆ ಎರಡು ವಿಷಯದಲ್ಲಿ ಹಾಜರಿ ಸಾಲದೆ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಮೊದಲ ವರ್ಷ ಪ್ರಿನ್ಸಿಪಾಲರು ಯೂನಿವರ್ಸಿಟಿಯವರ ಕೈಕಾಲು ಹಿಡಿದು ವಿನಾಯಿತಿ ಕೊಡಿಸಿದ್ದರು. ಎರಡನೇ ಸಲ ಆಗುವುದಿಲ್ಲ ಎಂದು ಮುಂಚೆಯೇ ಹೇಳಿಬಿಟ್ಟಿದ್ದರು. ಚಿತ್ತಿಯ ಅಪ್ಪನೂ ಅದನ್ನೇ ಹೇಳಿದ್ದ. ಈ ವರ್ಷ ನೋಡುತ್ತೇನೆ, ಪರೀಕ್ಷೆಗೇ ಕೂಡಿಸದ ಕಾಲೇಜಿಗೆ ಯಾಕೆ ಹೋಗಬೇಕು, ಮಂದೆಯ ಜೊತೆ ಬಾ ಎಂದು.

ಚಿತ್ತಿ ನನ್ನನ್ನೂ ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಬಸ್ಸಿನ ಏಜೆಂಟ್ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಕುರ್ಚಿ ಮೇಲೆ ಕೂತಿದ್ದ.

"ಅಣ್ಣಾ, ಮೂರರ ಬಸ್ಸು ನಾಲ್ಕೂವರೆಗೆ ಬಿಡ್ರಿ. ಐವತ್ತು ಜನ ಹುಡುಗೀರು ಅದೀವಿ" ಎಂದಳು.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏಮ್ಮಾ, ನುವ್ವು ಲೀಡರಾ?" ಎಂದ. "ಬಂದ್ಬಂದೋರೆಲ್ಲ ಟೈಮ್ ಹೇಳಿದ್ರೆ ನಾನು ಯಾರ ಮಾತು ಕೇಳ್ಲಿ? ನಿಮ್ಮ ಕಾಲೇಜಿಗೆ ಲೀಡರ್ ಅನ್ನೋರು ಒಬ್ರು ಇರ್ತಾರಲ್ಲ, ಅವರನ್ನ ಕಳ್ಸು. ಮಾಲೀಕರ ಹತ್ರ ಮಾತಾಡಿಸ್ತೀನಿ."

ನಮ್ಮ ಕಾಲೇಜಿಗೆ ಲೀಡರು ಇದ್ದರು. ಹಿಂದಿನ ವರ್ಷ ಹೆಚ್ಚು ಅಂಕ ತೆಗೆದವರನ್ನು ಆಡಳಿತದವರೇ ವಿದ್ಯಾರ್ಥಿ ಸಂಘದ ಅಧ್ಯಕ್ಷರೆಂದು ಹೆಸರಿಸುವುದು ಪದ್ಧತಿ. ಅಂಕ ಹೆಚ್ಚು ಬರುವುದು ಎಲ್ಲ ಪಾಠ ಕೇಳಿದವರಿಗೆ. ಎಲ್ಲ ಪಾಠ ಕೇಳುವುದು ಊರೊಳಗೇ ಮನೆ ಇದ್ದವರು. ಅವರಿಗೆ ಬಸ್ಸಿನ ಗೊಡವೆ ಯಾಕೆ? ಅವರು ರಂಗೋಲಿ ಸ್ಪರ್ಧೆ, ಅಂತ್ಯಾಕ್ಷರಿ ಮಾಡಿಸಿ, ಬೀಳ್ಕೊಡುಗೆ ದಿನ ಒಂದು ಭಾಷಣ ಓದಿ ಇಳಿಯುತ್ತಿದ್ದರು. ಅವರು ಕೆಟ್ಟವರೇನಲ್ಲ. ಮೂರು ಗಂಟೆಗೆ ಅರ್ಧ ತರಗತಿ ಎದ್ದು ಹೋಗುವುದನ್ನು ದಿನಾ ನೋಡುತ್ತಿದ್ದರು, ಅಷ್ಟೆ.

ಮಾರನೆಯ ದಿನ ಚಿತ್ತಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು. "ಸಾರ್, ಈ ವರ್ಷ ಎಲೆಕ್ಷನ್ ಮಾಡ್ರಿ. ನಾನು ನಿಲ್ತೀನಿ."

ಪ್ರಿನ್ಸಿಪಾಲರು ನಿವೃತ್ತಿಯ ಅಂಚಿನಲ್ಲಿದ್ದ, ಮೆತ್ತಗಿನ ಮನುಷ್ಯ. ಎದ್ದು ಹೋಗಿ ಬಾಗಿಲು ಹಾಕಿಬಂದರು. "ಆ ಪದ ಆಡಬೇಡಮ್ಮ. ಟ್ರಸ್ಟಿನವರ ಕಿವಿಗೆ ಬಿದ್ರೆ ನನ್ನನ್ನ ನಾಳೇನೇ ಮನೆಗೆ ಕಳಿಸ್ತಾರೆ" ಎಂದರು. ಆಮೇಲೆ ದನಿ ತಗ್ಗಿಸಿ, "ಆಯ್ಕೆ ಅನ್ನೋಣ. ಆಯ್ಕೆ ಪ್ರಕ್ರಿಯೆ" ಎಂದರು. ಅವರ ಧೈರ್ಯ ಅಷ್ಟು ದೂರ ಬಂತು, ಅದೇ ದೊಡ್ಡದು. ನೋಟೀಸ್ ಬೋರ್ಡಿನಲ್ಲಿ ಆಯ್ಕೆ ಎಂದೇ ಬಿತ್ತು. ಕಾಲೇಜೆಲ್ಲ ಎಲೆಕ್ಷನ್ ಎಂದೇ ಕರೆಯಿತು.

ಅವಳ ಎದುರು ನಿಂತವನು ಕಿರಣ, ಊರಿನ ಸೀರೆ ಅಂಗಡಿಯವರ ಮಗ. ಬೈಕಿತ್ತು, ನಗುವಿತ್ತು, ಗೆಳೆಯರ ದಂಡಿತ್ತು. ಚಿತ್ತಿಯ ಹತ್ತಿರ ಒಂದೇ ಮಾತಿತ್ತು. ಬಸ್ಸಿನೊಳಗೆ ಕಂಬಿ ಹಿಡಿದು ನಿಂತು ಹೇಳುತ್ತಿದ್ದಳು: "ಚಿತ್ತಿ ನಿಂತ್ರೆ ಬಸ್ಸು ನಿಲ್ತೈತೆ." ಕಂಡಕ್ಟರು ಕೂಡ ನಗುತ್ತಿದ್ದ. ಹಳ್ಳಿಯ ಹುಡುಗಿಯರು ಮೊದಮೊದಲು ನಾಚಿ ತಲೆ ತಗ್ಗಿಸಿದವರು, ವಾರ ಕಳೆಯುವುದರೊಳಗೆ ತಾವೇ ಆ ಮಾತನ್ನು ಹೇಳಿಕೊಂಡು ಓಡಾಡತೊಡಗಿದರು. ಆ ದಿನಗಳಲ್ಲಿ ಅವರು ನಡೆಯುವ ರೀತಿಯೇ ಬದಲಾಗಿತ್ತು. ಬೆಂಚಿನ ಕೊನೆಯಲ್ಲಿ, ಬಾಗಿಲ ಹತ್ತಿರ, ಓಡಲು ಅನುಕೂಲವಾಗಲಿ ಎಂದು ಕೂರುತ್ತಿದ್ದವರು ಆ ವಾರ ಮುಂದಿನ ಬೆಂಚಿಗೆ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಓಟು ಎಂದರೆ ಏನು ಎಂದು ಈಗ ಮಕ್ಕಳಿಗೆ ಪಾಠ ಮಾಡುವಾಗ ನನಗೆ ಆ ಬೆಂಚೇ ನೆನಪಾಗುತ್ತದೆ.

ಪ್ರಿನ್ಸಿಪಾಲರು ಸರ್ಕಾರಿ ಚುನಾವಣೆಗಳಲ್ಲಿ ದುಡಿದವರು. ಹೆಸರು ಏನೇ ಇಡಲಿ, ಕೆಲಸ ಶಾಸ್ತ್ರೋಕ್ತವಾಗಿ ಆಗಬೇಕು ಎಂದರು. ಮತಪತ್ರ, ಮರೆ, ಮುದ್ರೆ, ಅರಗು ಎಲ್ಲ ಆಯಿತು. ಪೆಟ್ಟಿಗೆ ಒಂದು ಇರಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಕೇಳಿದರೆ ಸುದ್ದಿ ಹೊರಗೆ ಹೋಗುತ್ತದೆ. ಆಗ ಅಟೆಂಡರ್ ಮಾಬುಸಾಬರು, "ನಾನು ತರ್ತೀನಿ ಸಾರ್" ಎಂದರು. ಅವರ ಭಾವಮೈದುನ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಒಂದು ಖಾಲಿ ಡಬ್ಬ ಬಂತು. ನಮ್ಮ ಸೀಮೆಯಲ್ಲಿ ಎಣ್ಣೆ ಡಬ್ಬ ಯಾವುದಕ್ಕೆ ಆಗುವುದಿಲ್ಲ? ನೀರು ತುಂಬುವುದಕ್ಕೆ, ತುಳಸಿ ನೆಡುವುದಕ್ಕೆ, ಜೋಳ ಅಳೆಯುವುದಕ್ಕೆ, ಮಾಡಿಗೆ ತಗಡಾಗುವುದಕ್ಕೆ. ಓಟಿನ ಪೆಟ್ಟಿಗೆ ಆಗುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಮಾಬುಸಾಬರು ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಮೇಲೆ ಸೀಳು ಕೊರೆದು, ಬಿಳಿ ಕಾಗದ ಅಂಟಿಸಿ ತಂದರು. ನೋಡಿದರೆ ಕಣ್ಣಿಗೆ ಹಬ್ಬ.

ಮತದಾನದ ದಿನ ಮೋಡ ಕವಿದು, ಒಂದು ಹನಿ ಬೀಳದೆ, ಸೆಕೆ ಕುದಿಯುತ್ತಿತ್ತು. ಪ್ರಿನ್ಸಿಪಾಲರು ಅರಗು ಕರಗಿಸಿ ಡಬ್ಬಕ್ಕೆ ಸೀಲು ಹಾಕಿದರು. ಆ ಬಿಸಿಗೆ ಡಬ್ಬದಿಂದ ಶೇಂಗಾ ಎಣ್ಣೆಯ ವಾಸನೆ ಸಣ್ಣಗೆ ಎದ್ದಿತು. "ಬಜ್ಜಿ ಕರೀತಾರೇನೇ?" ಎಂದು ನಾನು ನಕ್ಕೆ. ಡಬ್ಬವನ್ನು ವರಾಂಡದ ತಗಡಿನ ಮಾಡಿನ ಕೆಳಗೆ ಇಟ್ಟರು. ಚಿತ್ತಿ ಪ್ರಿನ್ಸಿಪಾಲರಿಗೆ ಒಂದೇ ಒಂದು ಕೋರಿಕೆ ಸಲ್ಲಿಸಿದಳು.

"ಸಾರ್, ನಮ್ಮ ಬಸ್ಸಿನ ಹುಡುಗೀರು ಮೊದ್ಲು ಹಾಕಿ ಹೋಗ್ಲಿ. ಸಾಲಿನಾಗೆ ಹಿಂದೆ ಬಿದ್ರೆ ಬಸ್ಸು ತಪ್ತೈತೆ."

ಕಿರಣನೂ ಒಪ್ಪಿದ. ಹುಡುಗಿಯರೆಲ್ಲ ಮೊದಲು ಹಾಕಿದರು. ಅವರ ಹಿಂದೆ ಊರಿನವರು. ನನ್ನದು ಬಹಳ ಹಿಂದೆ. ಮೂರಕ್ಕೆ ಹುಡುಗಿಯರು ಎಂದಿನಂತೆ ಓಡಿದರು. ಆದರೆ ಅಂದು ನಗುತ್ತಾ ಓಡಿದರು. ಚಿತ್ತಿ ಎಣಿಕೆಗೆ ಉಳಿದಳು. ರಾತ್ರಿಗೆ ನಮ್ಮತ್ತೆಯ ಮನೆಗೆ ಬಾ ಎಂದು ನಾನು ಹೇಳಿದ್ದೆ.

ಸಂಜೆ ಸೀಲು ಒಡೆದು ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮೇಲಿನ ಚೀಟಿಗಳು ಗರಿಗರಿಯಾಗಿ ಉದುರಿದವು. ಆಮೇಲೆ ಏನೂ ಬೀಳಲಿಲ್ಲ. ಮಾಬುಸಾಬರು ತಳಕ್ಕೆ ಎರಡು ಏಟು ಹಾಕಿದಾಗ, ಒಂದಕ್ಕೊಂದು ಅಂಟಿಕೊಂಡ ಒಂದು ಮುದ್ದೆ ಧೊಪ್ಪನೆ ಬಿತ್ತು. ಡಬ್ಬದ ತಳದ ಮಡಿಕೆಯಲ್ಲಿ ಅಡಗಿದ್ದ ಎಣ್ಣೆಯ ಜಿಡ್ಡು ತಗಡಿನ ಕಾವಿಗೆ ಕರಗಿ ಇಡೀ ದಿನ ಮೆಲ್ಲಗೆ ಒಸರಿತ್ತು. ಕಾಗದಗಳು ಬಜ್ಜಿ ಕಟ್ಟಿಕೊಟ್ಟ ಪೇಪರಿನಂತಾಗಿದ್ದವು. ಮುದ್ರೆಯ ಶಾಯಿ ಹರಡಿ, ಮಡಚಿದ ಕಡೆ ಇನ್ನೊಂದು ಹೆಸರಿನ ಮೇಲೂ ಅದರ ಗುರುತು ಮೂಡಿತ್ತು. ಯಾವುದನ್ನು ಬಿಡಿಸಿದರೂ ಚಿತ್ತಮ್ಮನ ಮೇಲೊಂದು ಮಚ್ಚೆ, ಕಿರಣನ ಮೇಲೊಂದು ಮಚ್ಚೆ.

ಎರಡು ಹೆಸರಿಗೆ ಗುರುತು ಬಿದ್ದರೆ ಅಸಿಂಧು ಎಂದು ಪ್ರಿನ್ಸಿಪಾಲರೇ ನಿಯಮ ಬರೆದಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು.

"ಸಾರ್, ಇವು ನಮ್ಮ ಬಸ್ಸಿನೋರ ಓಟು" ಎಂದಳು ಚಿತ್ತಿ. "ಮೊದ್ಲು ಹಾಕಿದೋರು ಅವ್ರೇ ಅಲ್ವಾ? ನಾಳೆ ಬರ್ತಾರೆ, ಅವ್ರನ್ನೇ ಕೇಳ್ರಿ ಸಾರ್."

"ಗುಪ್ತ ಮತದಾನ ಕಣಮ್ಮ" ಎಂದರು ಪ್ರಿನ್ಸಿಪಾಲರು. "ಯಾರಿಗೆ ಹಾಕಿದ್ರಿ ಅಂತ ಕೇಳೋ ಹಂಗಿಲ್ಲ."

ಒಣಗಿದ ಓಟುಗಳನ್ನಷ್ಟೇ ಎಣಿಸಿದರು. ಕಿರಣ ಗೆದ್ದ. ಅವನಿಗೂ ಖುಷಿಯಾದಂತೆ ಕಾಣಲಿಲ್ಲ. "ಇನ್ನೊಂದು ಸಲ ಹಾಕ್ಸಿ ಸಾರ್, ನನ್ದೇನಿಲ್ಲ" ಎಂದ. ಮರುದಿನ ಹಾಗೇ ಮಾಡೋಣ ಎಂದು ಪ್ರಿನ್ಸಿಪಾಲರೂ ಅಂದರು. ಆದರೆ ಮರುದಿನದ ಹೊತ್ತಿಗೆ ಸುದ್ದಿ ಟ್ರಸ್ಟಿನವರಿಗೆ ಮುಟ್ಟಿತ್ತು. ನಡೆಸಿದ್ದೇ ತಪ್ಪು, ಇನ್ನೊಮ್ಮೆ ಆ ಹೆಸರೆತ್ತಬೇಡಿ ಎಂದು ಫೋನು ಬಂತು. ಮಾಬುಸಾಬರು ವರಾಂಡದಲ್ಲಿ ಕೂತು ಸಿಕ್ಕಿದವರಿಗೆಲ್ಲ, "ಬಿಸಿನೀರು ಹಾಕಿ ತೊಳೆದಿದ್ದೆ ಬೇಟಾ, ಖುದಾ ಕಸಮ್, ಎರಡು ಸಲ ತೊಳೆದಿದ್ದೆ" ಎನ್ನುತ್ತಿದ್ದರು. ಚಿತ್ತಿ ಅವರ ಹತ್ತಿರ ಹೋಗಿ ಕೂತು, "ಬಿಡ್ರಿ ಚಾಚಾ, ಎಣ್ಣೆ ಅಂತೂ ಒಳ್ಳೇದಿತ್ತು" ಎಂದು ನಗಿಸಲು ನೋಡಿದಳು. ಮುದುಕರು ನಗಲಿಲ್ಲ. ಆಮೇಲೆ ಅವಳೂ ನಗಲಿಲ್ಲ.

ಹುಡುಗಿಯರು ಮತ್ತೆ ಬಾಗಿಲ ಹತ್ತಿರದ ಬೆಂಚಿಗೆ ಹೋದರು.

ಕಿರಣ ಬಸ್ಸಿನ ಏಜೆಂಟನ ಹತ್ತಿರ ಹೋಗಿದ್ದ, ಸುಳ್ಳಲ್ಲ. ಏಜೆಂಟ್ ಚಹಾ ಕುಡಿಸಿ ಕಳಿಸಿದ. "ಹೇಳಿದೀನಿ, ನೋಡ್ತಾರಂತೆ" ಎಂದು ಬಂದು ಹೇಳಿದ. ಮತ್ತೆ ಕಾಲೇಜು ಡೇ ಬಂತು, ಸೌಂಡ್ ಸಿಸ್ಟಂ ಬಂತು, ಬಸ್ಸಿನ ಮಾತು ಹಿಂದೆ ಬಿತ್ತು. ಅವನನ್ನು ನಾನು ದೂರುವುದಿಲ್ಲ. ಅವನು ಇನ್ನೊಬ್ಬರ ಪರವಾಗಿ ಕೇಳಿದ, ಉತ್ತರ ಬಂತು, ವಾಪಸಾದ. ಚಿತ್ತಿಯಾಗಿದ್ದರೆ ಆ ಕುರ್ಚಿಯ ಎದುರಿನಿಂದ ಏಳುತ್ತಿರಲಿಲ್ಲ. ಎದ್ದು ಹೋಗಲು ಅವಳಿಗೆ ಬೇರೆ ಬಸ್ಸಿರಲಿಲ್ಲ. ಕಾಲೇಜಿಗೆ ಎಲೆಕ್ಷನ್ ಯಾಕೆ ಬೇಕು, ಓದಲು ಬಂದವರು ಓದಲಿ ಎಂದು ಈಗಲೂ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಓದಲಿಕ್ಕೇ ನಿಂತಿದ್ದಳು ಕಣ್ರಿ ಅವಳು.

ಶೇಂಗಾ ಕೀಳುವ ಕಾಲ ಮುಗಿಯುವ ಹೊತ್ತಿಗೆ ಹಾಜರಿ ಸಾಲದವರ ಪಟ್ಟಿ ಬೋರ್ಡಿಗೆ ಬಿತ್ತು. ಬಸ್ಸಿನ ಹುಡುಗಿಯರ ಹೆಸರುಗಳೆಲ್ಲ ಅದರಲ್ಲಿದ್ದವು. ಕೆಲವರು ಅತ್ತರು, ಕೆಲವರು ಅಂದೇ ಬರುವುದು ಬಿಟ್ಟರು. ವಾರದೊಳಗೆ ಚಿತ್ತಿಯ ಅಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಪ್ರಿನ್ಸಿಪಾಲರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದ. ಚಿತ್ತಿಯ ಜೊತೆ ನಾನೂ ಬಾಗಿಲಲ್ಲಿ ನಿಂತಿದ್ದೆ.

"ಸಾರ್, ನಾನು ಓದಿದೋನಲ್ಲ. ಒಂದು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದ. "ಆ ಹುಡುಗೀರು ಓಟು ಹಾಕಿದ್ದು ನಿಜ ತಾನೇನ್ರಿ?"

"ನಿಜ ಕಣಪ್ಪ."

"ನಮ್ಮ ಹುಡುಗಿಗೇ ಹಾಕಿದ್ದು ನಿಜ ತಾನೇನ್ರಿ?"

ಪ್ರಿನ್ಸಿಪಾಲರು ಹೌದೆಂದು ತಲೆಯಾಡಿಸಿದರು.

"ಹಂಗಾದ್ರೆ ಆ ಓಟು ಎಲ್ಲಿಗೋದ್ವು ಸಾರ್?"

ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದು ನಿಂತರು. ಅಪ್ಪ ಜಗಳ ಮಾಡಲಿಲ್ಲ. "ಯಾರ್ದೂ ತಪ್ಪಿಲ್ಲ ಬಿಡ್ರಿ, ಬರ್ತೀನಿ" ಎಂದು ಕೈಮುಗಿದು ಹೊರಗೆ ಬಂದ. ಚಪ್ಪಲಿ ಮೆಟ್ಟಿ ನಡೆದ, ಮಗಳು ಹಿಂದೆ ಹೊರಟಳು.

ಬಸ್‌ಸ್ಟ್ಯಾಂಡಿನವರೆಗೆ ನಾನೂ ಹೋದೆ. ಮೂರರ ಬಸ್ಸಿಗೆ ಅಂದು ಓಡುವ ಕಾರಣವಿರಲಿಲ್ಲ, ಬೇಗನೆ ಬಂದಿದ್ದೆವು. ಮತ್ತೆ ಅರ್ಜಿ ಹಾಕೋಣ, ಖಾಸಗಿಯಾಗಿ ಪರೀಕ್ಷೆ ಕಟ್ಟು ಎಂದೆಲ್ಲ ನಾನು ಬಡಬಡಿಸುತ್ತಿದ್ದೆ. ಅವಳು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡಳು.

"ನಿನ್ನ ಓಟು ಮೇಲಿತ್ತು ಕಣೆ ಸರೋಜಿ. ಒಣಗಿತ್ತು. ಎಣಿಕೆಗೆ ಬಂತು. ಅಷ್ಟಾದ್ರೂ ಆತು" ಎಂದಳು.

ಅವತ್ತು ಆ ಬಸ್ಸಿನ ಹಿಂಬದಿ ನೋಡುತ್ತಾ ನಿಂತು ನಾನು ಅತ್ತಷ್ಟು ನನ್ನ ಮದುವೆಯ ದಿನವೂ ಅತ್ತಿಲ್ಲ. ಮುಂದಿನ ವರ್ಷ ಮತ್ತೆ ಅಂಕದ ಅಧ್ಯಕ್ಷರು ಬಂದರು, ರಂಗೋಲಿ ಬಂತು. ನಾನು ಊರು ಬಿಟ್ಟ ಮೇಲೆ ಯಾರೋ ಹೇಳಿದರು: ಮೂರರ ಬಸ್ಸನ್ನು ನಾಲ್ಕೂವರೆಗೆ ಹಾಕಿದ್ದಾರಂತೆ. ಹಳ್ಳಿ ಶಾಲೆಗೆ ಓಡಾಡುವ ಕೆಲವು ಮೇಷ್ಟ್ರುಗಳು ಮಾಲೀಕರ ಮನೆಗೆ ಹೋಗಿ ಕೇಳಿದರಂತೆ, ಅವರು ಹೂಂ ಅಂದರಂತೆ. ಒಂದು ಮಧ್ಯಾಹ್ನದ ಕೆಲಸ.

ಇದನ್ನೆಲ್ಲ ನೆನೆಯುತ್ತಾ ನಾನು ಆ ದಿನವಿಡೀ ಶಾಯಿ ಹಚ್ಚಿದೆ. ಚಿತ್ತಿಯ ಹಟ್ಟಿ ಈ ಕಡೆಯೇ ಎಲ್ಲೋ ಎಂದು ಗೊತ್ತಿತ್ತು. ಅವಳು ಯಾವ ಊರಿಗೆ ಮದುವೆಯಾಗಿ ಹೋದಳೋ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮೇಷ್ಟ್ರು ಮತದಾರರ ಹೆಸರು ಗಟ್ಟಿಯಾಗಿ ಓದುತ್ತಿದ್ದರು. ಆ ಸೀಮೆಯಲ್ಲಿ ದೇವರ ಹೆಸರೇ ಎಲ್ಲರಿಗೂ, ಚಿತ್ತಮ್ಮಂದಿರು ಮನೆಗೊಬ್ಬರು. "ಚಿತ್ತಮ್ಮ" ಎಂದಾಗಲೆಲ್ಲ ನಾನು ತಲೆ ಎತ್ತುತ್ತಿದ್ದೆ. ಒಮ್ಮೆ ಹಲ್ಲಿಲ್ಲದ ಅಜ್ಜಿ, ಒಮ್ಮೆ ಮೊದಲ ಓಟಿನ ಹುಡುಗಿ, ಒಮ್ಮೆ ಕಂಕುಳಲ್ಲಿ ಕೂಸಿದ್ದ ಬಾಣಂತಿ. ಮಧ್ಯಾಹ್ನದ ನಂತರ ಕತ್ತು ನೋವು ಬಂತು, ಎತ್ತುವುದು ಬಿಟ್ಟೆ.

ಆರು ಗಂಟೆಗೆ ಇನ್ನೂ ಸಣ್ಣದೊಂದು ಸಾಲಿತ್ತು. ವೇಳೆ ಮುಗಿದ ಮೇಲೆ ಹೊಸಬರು ಸೇರಬಾರದೆಂದು ಸಾಲಿನಲ್ಲಿದ್ದವರಿಗೆ ಚೀಟಿ ಕೊಡುವುದು ನಿಯಮ. ಅದನ್ನು ಹಿಂದಿನಿಂದ ಕೊಡುತ್ತಾ ಬರಬೇಕು. ಹಾಗಾಗಿ ಎಲ್ಲರಿಗಿಂತ ಹಿಂದೆ ನಿಂತವರಿಗೆ ಒಂದನೇ ನಂಬರು. ಅಧಿಕಾರಿ ಕೊಟ್ಟುಬಂದರು. ಒಬ್ಬೊಬ್ಬರಾಗಿ ಬಂದು ಹೋದರು. ಕೊನೆಗೆ ಆ ಒಂದನೇ ನಂಬರಿನ ಚೀಟಿ ನನ್ನ ಮೇಜಿನ ಮೇಲೆ ಬಂತು.

"ಚಿತ್ತಮ್ಮ" ಎಂದು ಓದಿದರು ಮೇಷ್ಟ್ರು.

ನಾನು ತಲೆ ಎತ್ತುವ ಮುಂಚೆ ಬೆರಳು ನೋಡಿದೆ, ಆಮೇಲೆ ಮುಖ. ಮೈ ಸೊರಗಿತ್ತು, ಕೆನ್ನೆ ಒಣಗಿತ್ತು. ಕಣ್ಣು ಅವೇ.

"ಸರೋಜಿ" ಎಂದಳು. ಕೂಗಲಿಲ್ಲ, ಅಳಲಿಲ್ಲ. ದಿನಾ ನೋಡುವವಳ ಹಾಗೆ ಅಂದಳು.

ಬೂತಿನಲ್ಲಿ ಹೆಚ್ಚು ಮಾತಾಡುವಂತಿರಲಿಲ್ಲ. "ಇಷ್ಟೊತ್ತು ಎಲ್ಲಿದ್ದೆ?" ಎಂದಷ್ಟೇ ಕೇಳಿದೆ.

ಮೂಲೆಯಲ್ಲಿ ಕೂತಿದ್ದ, ಪಕ್ಷವೊಂದರ ಊರಿನ ಏಜೆಂಟರೊಬ್ಬರು, "ಅವ್ರು ಯಾವತ್ತೂ ಹಿಂಗೇ ಮೇಡಂ. ಮನೇಲೇ ಇರ್ತಾರೆ, ಎದುರುಗಡೆ ಮನೆ. ಪಂಚಾಯ್ತಿ ಎಲೆಕ್ಷನ್ನಾಗಲಿ, ಯಾವ್ದೇ ಆಗ್ಲಿ, ಕಡೇಗೇ ಬಂದು ಹಾಕ್ತಾರೆ. ಎಷ್ಟು ಹೇಳಿದ್ರೂ ಕೇಳಲ್ಲ" ಎಂದರು.

ಚಿತ್ತಿ ನನ್ನನ್ನೇ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು. "ಮೊದ್ಲು ಹಾಕಿದ್ದು ತಳಕ್ಕೆ ಬೀಳ್ತೈತಲ್ಲೇ."

ಇದು ಮಿಷನ್ನು, ಇದಕ್ಕೆ ತಳವೂ ಇಲ್ಲ ಎಣ್ಣೆಯೂ ಇಲ್ಲ ಎಂದು ಹೇಳಬಹುದಿತ್ತು. ಅವಳಿಗೂ ಅದು ಗೊತ್ತಿಲ್ಲದ್ದಲ್ಲ. ಅವಳ ಬೆರಳು ಹಿಡಿದು, ಉಗುರಿನ ಮೇಲಿಂದ ಚರ್ಮದವರೆಗೆ ನಿಧಾನವಾಗಿ ಶಾಯಿ ಎಳೆದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಬೆರಳು ನನ್ನ ಕೈಯಲ್ಲಿತ್ತು. ಅವಳು ರಿಜಿಸ್ಟರಿನಲ್ಲಿ ಕಾಲೇಜಿನ ದಿನಗಳ ಅದೇ ಗುಂಡು ಅಕ್ಷರದಲ್ಲಿ ಸಹಿ ಮಾಡಿ ಮರೆಯ ಹಿಂದೆ ಹೋದಳು.

ಯಂತ್ರ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಅವಳು ತಕ್ಷಣ ಹೊರಗೆ ಬರಲಿಲ್ಲ. ಯಾರಿಗೆ ಓಟು ಬಿತ್ತೆಂದು ತೋರಿಸುವ ಸಣ್ಣ ಚೀಟಿ ಗಾಜಿನ ಹಿಂದೆ ಬಂದು ನಿಂತು, ಕತ್ತರಿಸಿಕೊಂಡು ಕೆಳಗೆ ಬೀಳುತ್ತದಲ್ಲ, ಅಲ್ಲಿಯವರೆಗೂ ಬಗ್ಗಿ ನೋಡುತ್ತಾ ನಿಂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ನನ್ನ ಮೇಜಿನ ಮುಂದೆ ಹಾದಳು.

"ನೋಡ್ದೆ ಕಣೆ. ಒಣಗೇ ಐತೆ" ಎಂದು ಹೇಳಿ ಹೊರಗೆ ಹೋದಳು.

ಅಧಿಕಾರಿ ಯಂತ್ರಕ್ಕೆ ಸೀಲು ಹಾಕಲು ಮತ್ತೆ ಮೇಣದಬತ್ತಿ ಹಚ್ಚುತ್ತಿದ್ದವರು ತಲೆ ಎತ್ತಿದರು. "ಏನು ಒಣಗಿದೆಯಂತೆ ಮೇಡಂ?"

"ಶಾಯಿ ಸಾರ್" ಎಂದೆ.